"ಜೋಡಿ" ಅಂದರೆ ಎರಡು ಬದಿ ಅಂದುಕೊಂಡಿದ್ದೆ! ಡ್ರ್ಯಾಗ್ ಟೈರಿಗೆ ರಿಮ್ ಸ್ಕ್ರೂ ಹಾಕಿಸುವವರು ಓದಿ

ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯ ವೇಗದ ಓಟಕ್ಕೆ, ಸ್ಲಿಕ್ ಟೈರು (ಗೀರಿಲ್ಲದ ನುಣುಪು ಟೈರು) ಕೂರಿಸಲು, ಅದು ರಿಮ್ಮಿನಲ್ಲಿ ಜಾರದಂತೆ ರಿಮ್ ಸ್ಕ್ರೂ ಹಾಕಲು ದುಡ್ಡು ಕೊಟ್ಟು, ಅಂಗಡಿಯವನು "ಆಯ್ತು" ಅಂದ ಕೂಡಲೇ ಕಾರನ್ನು ಟ್ರೇಲರ್ ಹತ್ತಿಸುವವರು ಒಂದೈದು ನಿಮಿಷ ನಿಲ್ಲಿ. ಚಕ್ರದ ಒಳಬದಿ ನೋಡಿ. ಮೊಬೈಲ್ ಟಾರ್ಚ್ ಹಾಕಿಕೊಂಡು, ನೆಲದ ಮೇಲೆ ಮಲಗಿಯಾದರೂ ನೋಡಿ. ನಾನು ನೋಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ಹೆಸರು ಹಾಕುವುದಿಲ್ಲ. ಹಾಕಿದರೆ ವಕೀಲರ ಕಾಗದ ಬರುತ್ತದೆ, ನನಗೆ ಈಗಾಗಲೇ ಆಗಿರುವ ಖರ್ಚು ಸಾಕು.

ನಾನಿರುವುದು ಮಿಶಿಗನ್‌ನಲ್ಲಿ. 1990ರ ಹಳೇ ಮಸ್ಟಾಂಗ್ ಒಂದಿದೆ, ಎಂಜಿನ್ ಕೆಲಸ ಮಾಡಿಸಿದ್ದೇನೆ. ಬೇಸಿಗೆ ಬಂದರೆ ಇಲ್ಲಿನ ರೇಸ್ ಟ್ರ್ಯಾಕ್ ಮಿಲಾನ್ ಡ್ರ್ಯಾಗ್‌ವೇಗೆ ಹೋಗುತ್ತೇನೆ. ಕಾಲು ಮೈಲಿ, 1,320 ಅಡಿ, ಒಬ್ಬನೇ ಓಡಿಸಿ ಟೈಮ್ ನೋಡಿಕೊಂಡು ಬರುವ ಹುಚ್ಚು ಅಷ್ಟೇ. ಇಷ್ಟು ದಿನ ರೋಡ್ ಟೈರಿನಲ್ಲೇ ಓಡಿಸುತ್ತಿದ್ದೆ. ಹೊಗೆ ಜಾಸ್ತಿ, ಓಟ ಕಮ್ಮಿ. ಈ ಸಲ ಮನಸ್ಸು ಮಾಡಿ ನಿಜವಾದ ಸ್ಲಿಕ್ ತಗೊಂಡೆ. 26 ಇಂಚು ಎತ್ತರ, 10 ಇಂಚು ಅಗಲ, 15 ಇಂಚಿನ ರಿಮ್ಮು, ಒಳಗೆ ಟ್ಯೂಬು.

ಸ್ಲಿಕ್ ಹಾಕಿದ ಮೇಲೆ ತೊಂದರೆ ಜಾಗ ಬದಲಾಯಿಸುತ್ತದೆ. ರೋಡ್ ಟೈರು ಟಾರಿನ ಮೇಲೆ ಜಾರುತ್ತದೆ. ಸ್ಲಿಕ್ ಟಾರನ್ನು ಕಚ್ಚಿ ಹಿಡಿದು ನಿಲ್ಲುತ್ತದೆ, ಆಗ ರಿಮ್ಮು ಟೈರಿನೊಳಗೇ ಜಾರಲು ನೋಡುತ್ತದೆ. ಲೆಕ್ಕ ಹಾಕಿ: ಎಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, 400 ಪೌಂಡ್-ಅಡಿ, ಮೊದಲ ಗೇರಿನಲ್ಲಿ ಸುಮಾರು ಮೂರು ಪಟ್ಟು, ಹಿಂದಿನ ಆಕ್ಸಲ್‌ನಲ್ಲಿ 3.73 ಪಟ್ಟು. 4,400 ದಾಟುತ್ತದೆ. ಎರಡು ಚಕ್ರಕ್ಕೆ ಹಂಚಿದರೂ ಒಂದೊಂದಕ್ಕೆ 2,200. ಚಕ್ರದ ನಟ್ಟು ಬಿಗಿ ಮಾಡುವುದು 100ರ ಆಸುಪಾಸಿನಲ್ಲಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಇಷ್ಟೆಲ್ಲ ತಿರುಚುವಾಗ ಟೈರಿನಲ್ಲಿ ಗಾಳಿ ಎಷ್ಟಿರುತ್ತದೆ? ಹನ್ನೊಂದು, ಹನ್ನೆರಡು ಪೌಂಡ್. ಟೈರಿನ ಅಂಚು, ಅಂದರೆ ಬೀಡ್, ರಿಮ್ಮಿಗೆ ಒತ್ತಿಕೊಂಡಿರುವುದು ಮುಖ್ಯವಾಗಿ ಆ ಗಾಳಿಯ ಬಲದಲ್ಲಿ.

ಅದಕ್ಕೇ ರಿಮ್ ಸ್ಕ್ರೂ. ರಿಮ್ಮಿನ ಅಂಚಿಗೆ ಸುತ್ತಲೂ ತೂತು ಕೊರೆದು ಗಿಡ್ಡ ಸ್ಕ್ರೂ ಹಾಕುತ್ತಾರೆ, ತುದಿ ಬೀಡ್‌ನ ರಬ್ಬರಿಗೆ ಕಚ್ಚುತ್ತದೆ. ಹೊರಬದಿಗೂ ಹಾಕಬೇಕು, ಒಳಬದಿಗೂ ಹಾಕಬೇಕು. ದುಡ್ಡಿರುವವರು ಬೀಡ್‌ಲಾಕ್ ರಿಮ್ಮೇ ತಗೊಳ್ಳುತ್ತಾರೆ, ಹೊರಗಿನಿಂದ ಒಂದು ಉಂಗುರ ಇಟ್ಟು ಬೋಲ್ಟ್‌ನಲ್ಲಿ ಬೀಡನ್ನು ಅಮುಕಿ ಹಿಡಿಯುವಂಥದ್ದು. ನನ್ನ ಜೇಬಿಗೆ ಅದು ದೂರ.

ಅಂಗಡಿಗೆ ಹೋದೆ. ಗೋಡೆ ತುಂಬ ರೇಸ್ ಕಾರಿನ ಫೋಟೋ. ಅದನ್ನು ನೋಡಿಯೇ ಅರ್ಧ ಬಿದ್ದೆ ಅನ್ನಿ. ಟೈರು ಕೂರಿಸುವುದು, ಬ್ಯಾಲೆನ್ಸ್, ರಿಮ್ ಸ್ಕ್ರೂ, ಚಕ್ರ ಕಾರಿಗೆ ಹಾಕಿಕೊಡುವುದು, ಎಲ್ಲ ಸೇರಿ 180 ಡಾಲರ್. ಬಿಲ್ಲಿನಲ್ಲಿ ಬರೆದಿದ್ದ: "ರಿಮ್ ಸ್ಕ್ರೂ, ಜೋಡಿ". ನಾನು ಓದಿದೆ, ಸಹಿ ಮಾಡಿದೆ. ಹೊರಬದಿಯಲ್ಲಿ ಹನ್ನೆರಡು ಸ್ಕ್ರೂ ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಎರಡು ಫೋಟೋ ತೆಗೆದು ಮನೆಯವಳಿಗೆ ಬೇರೆ ಕಳಿಸಿದೆ.

ಅವತ್ತು ಟ್ರ್ಯಾಕ್‌ಗೆ ನನ್ನ ಭಾಮೈದನನ್ನೂ ಕರೆದುಕೊಂಡು ಹೋಗಿದ್ದೆ. ದಾವಣಗೆರೆಯಿಂದ ಬಂದಿದ್ದ. ದಾರಿಯುದ್ದಕ್ಕೂ ಅವನಿಗೆ ಟಾರ್ಕ್ ಬಗ್ಗೆ ಪಾಠ. ನನ್ನ ಕೆಲಸವೂ ಆಕ್ಸಲ್ ಮಾಡುವ ಕಂಪನಿಯಲ್ಲೇ. ಅದನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಪಕ್ಕದಲ್ಲಿ ಒಬ್ಬ ಅಜ್ಜ ತನ್ನ ನೋವಾ ಕಾರಿನ ಗಾಜಿನ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಟೈಮ್ ಬರೆಯುತ್ತಿದ್ದ. ನನ್ನ ಹೊಸ ಸ್ಲಿಕ್ ನೋಡಿದವನೇ ಬಂದು, ಕೇಳದೆಯೇ ಟೈರಿನಿಂದ ರಿಮ್ಮಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆದ. ಎರಡೂ ಚಕ್ರಕ್ಕೆ. "ಓಡಿಸಿ ಬಂದ ಮೇಲೆ ನೋಡು" ಅಂದ. ನನಗೆ ಒಳಗೊಳಗೇ ಸಿಟ್ಟು. ಹೊಸ ಟೈರಿನ ಮೇಲೆ ಸುಣ್ಣ ಬಳಿದ ಹಾಗೆ!

ಮೊದಲ ಓಟ. ಬರ್ನೌಟ್, ಅಂದರೆ ನಿಂತಲ್ಲೇ ಚಕ್ರ ತಿರುಗಿಸಿ ಟೈರು ಬಿಸಿ ಮಾಡುವುದು, ಚೆನ್ನಾಗಾಯಿತು. ಕ್ಲಚ್ ಬಿಟ್ಟಾಗ ಕಾರು ಎದ್ದುಹೋಗುತ್ತದೆ ಅಂದುಕೊಂಡಿದ್ದೆ. ಹೋಯಿತು, ಆದರೆ ನಡುವೆ ಒಂದು ಕ್ಷಣ ಏನೋ ಮೆತ್ತಗಾದ ಹಾಗಾಯಿತು. ಕೊನೆಕೊನೆಗೆ ಸೀಟು ಗಡಗಡ ನಡುಗಿತು. ಟೈಮ್ 12.4 ಸೆಕೆಂಡ್. ವಾಪಸ್ ಬಂದು ನಿಲ್ಲಿಸಿದೆ, ಭಾಮೈದ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಭಾವ, ಈ ಗೆರೆ ಎರಡು ತುಂಡಾಗಿದೆಯಲ್ಲ?"

ನೋಡಿದೆ. ರಿಮ್ಮಿನ ಮೇಲಿನ ಗೆರೆ ಒಂದು ಕಡೆ, ಟೈರಿನ ಮೇಲಿನದು ಇನ್ನೊಂದು ಕಡೆ. ನಡುವೆ ನಾಲ್ಕು ಬೆರಳು ಇಡುವಷ್ಟು ಜಾಗ. ಬೆರಳಿಟ್ಟೇ ನೋಡಿದೆ. ಇನ್ನೊಂದು ಚಕ್ರದಲ್ಲಿ ಮೂರು ಬೆರಳು. ಟ್ಯೂಬಿನ ವಾಲ್ವು ನೆಟ್ಟಗಿರಬೇಕಾದದ್ದು ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಓರೆಯಾಗಿತ್ತು. ಟ್ಯೂಬು ಟೈರಿನ ಜೊತೆ ಹೋಗುತ್ತದೆ, ವಾಲ್ವು ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಓರೆಯಾಗದೆ ಇನ್ನೇನಾದೀತು? ಬ್ಯಾಲೆನ್ಸ್‌ಗೆ ಅಂಟಿಸಿದ ತೂಕ ರಿಮ್ಮಿನಲ್ಲೇ ಉಳಿಯಿತು, ಟೈರು ಜಾಗ ಬಿಟ್ಟಿತು. ಸೀಟು ನಡುಗಿದ್ದು ಅದಕ್ಕೇ.

ಅಜ್ಜ ತಲೆ ಅಲ್ಲಾಡಿಸಿ, "ಇವತ್ತಿಗೆ ಸಾಕು, ಮನೆಗೆ ಹೋಗು" ಅಂದ.

ನಾನು ಅಂಗಡಿಯವನಿಗೆ ಫೋನ್ ಮಾಡಿದೆ. ಇಲ್ಲಿಯೇ ನಾನು ಪೂರ್ತಿ ಮಂಗ ಆದದ್ದು. ಅವನು ಒಂದು ಚೂರೂ ತಡವರಿಸಲಿಲ್ಲ. "ಹೊಸ ಟೈರು ಅಲ್ವಾ, ಮೊದಲ ಸಲ ಹಾಗೆ ಕೂರುತ್ತೆ. ಎರಡು ಪೌಂಡ್ ಗಾಳಿ ಜಾಸ್ತಿ ಮಾಡು, ಎರಡನೇ ಓಟಕ್ಕೆ ಹಿಡಿದುಕೊಳ್ಳುತ್ತೆ." ಎಷ್ಟು ಆರಾಮಾಗಿ ಹೇಳಿದ ಅಂದರೆ, ಕಣ್ಣೆದುರು ನಾಲ್ಕು ಬೆರಳು ಜಾರಿದ್ದು ಕಾಣುತ್ತಿದ್ದರೂ ನಂಬಿದೆ. ನಂಬಿದೆ ಅಂತ ಬರೆಯುವಾಗಲೂ ಮೈ ಉರಿಯುತ್ತದೆ. ಗೆರೆ ಎಳೆದ ಅಜ್ಜನ ಮಾತು ಬಿಟ್ಟು, ದುಡ್ಡು ತಗೊಂಡವನ ಮಾತು ಕೇಳಿದೆ. ಭಾಮೈದ ಮೊದಲ ಓಟದ ವಿಡಿಯೋ ಸರಿಯಾಗಿ ತೆಗೆದಿರಲಿಲ್ಲ, ಅದೂ ಒಂದು ನೆಪವಾಯಿತು.

13 ಪೌಂಡ್ ಮಾಡಿ ಎರಡನೇ ಓಟಕ್ಕೆ ನಿಂತೆ. ಅರ್ಧ ದಾರಿ ದಾಟಿದ್ದೆ, ಮೂರನೇ ಗೇರು. ಹಿಂದಿನಿಂದ "ಫಟ್" ಅಂತು. ಎಡಗಡೆ ಕಾರು ಕುಸಿದು, ಹಿಂಭಾಗ ಗೋಡೆ ಕಡೆಗೆ ಎಳೆಯಿತು. ಬ್ರೇಕ್ ಒತ್ತಬಾರದು ಅಂತ ಹೇಗೋ ನೆನಪಾಯಿತು, ಕಾಲು ತೆಗೆದು ಸ್ಟೀರಿಂಗ್ ಗಟ್ಟಿ ಹಿಡಿದೆ. ಗೋಡೆಗೆ ಮೊಳದಷ್ಟು ದೂರದಲ್ಲಿ ನಿಂತಿತು. ವಾಲ್ವು ಬುಡದಲ್ಲೇ ಕಿತ್ತುಹೋಗಿತ್ತು. ನನ್ನನ್ನು ಎಳೆದುಕೊಂಡು ಬರಲು ಟ್ರ್ಯಾಕಿನವರ ಗಾಡಿ ಬಂತು. ಅಷ್ಟು ಹೊತ್ತು ಎಲ್ಲರ ಓಟವೂ ನಿಂತಿತ್ತು, ಮೈಕಿನಲ್ಲಿ ನನ್ನ ಹೆಸರನ್ನು ಮೂರು ಥರ ತಪ್ಪಾಗಿ ಕೂಗಿದರು. ಈ ವಿಡಿಯೋ ಮಾತ್ರ ಭಾಮೈದ ಚೆನ್ನಾಗಿ ತೆಗೆದಿದ್ದಾನೆ.

ಮಾರನೇ ದಿನ ಮನೆಯಲ್ಲಿ ಚಕ್ರ ಬಿಚ್ಚಿದೆ. ಒಳಬದಿಯಲ್ಲಿ ಒಂದೂ ಸ್ಕ್ರೂ ಇಲ್ಲ. ಒಂದೂ ಇಲ್ಲ! ನುಣ್ಣಗಿನ ರಿಮ್ಮು. ಟೈರು ಕಳಚಿ ನೋಡಿದರೆ ಇನ್ನೊಂದು ಚಂದ: ಹೊರಗಿನ ಹನ್ನೆರಡು ಸ್ಕ್ರೂಗಳಲ್ಲಿ ಬೀಡ್ ಮೇಲೆ ಚುಕ್ಕೆ ಮೂಡಿಸಿದ್ದು ಮೂರು ಮಾತ್ರ. ಸ್ಕ್ರೂ ಅಷ್ಟು ಗಿಡ್ಡ. ರಿಮ್ಮಿನ ದಪ್ಪ ಕಳೆದರೆ ರಬ್ಬರಿಗೆ ಸಿಗುವುದು ಅಕ್ಕಿಕಾಳಿನ ಮೂತಿಯಷ್ಟು. ಹೊಳೆಯುತ್ತಿದ್ದದ್ದೆಲ್ಲ ಬರೀ ಶೋಕಿ.

ಜೊತೆಗೆ ಬೀಡ್ ಸುತ್ತ ಜಿಡ್ಡು. ಟೈರು ಸಲೀಸಾಗಿ ಹತ್ತಲಿ ಅಂತ ಬಳಿಯುವ ಪೇಸ್ಟು, ಬೆರಳಿಗೆ ಬೆಣ್ಣೆಯ ಹಾಗೆ ಬಂತು. ನಮ್ಮೂರ ಪಂಕ್ಚರ್ ಅಂಗಡಿಯಲ್ಲೂ ಸೋಪಿನ ನೀರು ಹಚ್ಚುತ್ತಾರೆ, ಅದರಲ್ಲಿ ತಪ್ಪಿಲ್ಲ. ಅಲ್ಲಿ ಗಾಳಿ 30 ಪೌಂಡ್, ಈ ಥರ ತಿರುಚುವ ಬಲವೂ ಇಲ್ಲ. ಡ್ರ್ಯಾಗ್ ಟೈರಿಗೆ ಬರೀ ನೀರಲ್ಲಿ, ಇಲ್ಲವೇ ಗಾಜು ಒರೆಸುವ ದ್ರಾವಣದಲ್ಲಿ ಹತ್ತಿಸುತ್ತಾರೆ, ಬೇಗ ಆರಿಹೋಗಲಿ ಅಂತ. ಇವನು ಜಾರಬಾರದು ಅಂತ ದುಡ್ಡು ತಗೊಂಡು ಜಾರಲೆಂದೇ ಎಣ್ಣೆ ಸವರಿ ಕಳಿಸಿದ್ದ.

ಬಿಲ್ಲು ಹಿಡಿದುಕೊಂಡು ಹೋದೆ. ನಡೆದ ಮಾತು ಹೆಚ್ಚು ಕಡಿಮೆ ಹೀಗೆ.

"ಒಳಬದಿಗೆ ಸ್ಕ್ರೂ ಯಾಕೆ ಹಾಕಿಲ್ಲ?"

"ನೀನು ಕೇಳಲಿಲ್ಲ."

"ಬಿಲ್ಲಿನಲ್ಲಿ ಜೋಡಿ ಅಂತ ಇದೆಯಲ್ಲ?"

"ಹೌದು, ಜೋಡಿ. ಎರಡು ಚಕ್ರ."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅವನ ಮುಖದಲ್ಲಿ ನಗುವೂ ಇಲ್ಲ, ಅಳುಕೂ ಇಲ್ಲ. ಒಂದು ಚಕ್ರಕ್ಕೆ ಮಾತ್ರ ಸ್ಕ್ರೂ ಹಾಕಿಸುವ ಮನುಷ್ಯ ಈ ಭೂಮಿ ಮೇಲೆ ಇದ್ದಾನಾ? ಹಾಗಿದ್ದರೆ ಜೋಡಿ ಅಂತ ಬರೆಯುವುದು ಯಾಕೆ? ಎರಡು ಬದಿ ಅಂತ ನಾನು ಓದಿಕೊಳ್ಳಲಿ ಅಂತಲೇ ಅಲ್ವಾ?

ಗಿಡ್ಡ ಸ್ಕ್ರೂ ಬಗ್ಗೆ ಕೇಳಿದೆ. "ಉದ್ದ ಹಾಕಿದರೆ ಟ್ಯೂಬು ತೂತಾಗುತ್ತೆ, ನಿನ್ನ ಒಳ್ಳೆಯದಕ್ಕೇ" ಅಂದ. ಪೇಸ್ಟು? "ಎಲ್ಲರೂ ಹಚ್ಚುತ್ತಾರೆ." ಫೋನಿನಲ್ಲಿ ಎರಡನೇ ಸಲ ಓಡಿಸು ಅಂದದ್ದು? "ಹಾಗೆ ಹೇಳಿದ ನೆನಪಿಲ್ಲ." ಕೊನೆಗೆ ನನ್ನ ಕಡೆಗೇ ತಿರುಗಿಸಿದ: ಗಾಳಿ ಕಮ್ಮಿ ಇಟ್ಟದ್ದು ನಿನ್ನ ತಪ್ಪು. ಗಾಳಿ ತುಂಬಿದ್ದೇ ಅವನು! ಸ್ಲಿಕ್ಕಿಗೆ 30 ಪೌಂಡ್ ಹೊಡೆದು ಓಡಿಸುವುದಾದರೆ ಸ್ಲಿಕ್ ಯಾಕೆ ಬೇಕಿತ್ತು?

ಆಮೇಲೆ ಆ ಅಜ್ಜ ಹೇಳಿದ ಒಬ್ಬರ ಹತ್ತಿರ ಹೋದೆ. ಮನೆ ಗ್ಯಾರೇಜಿನಲ್ಲೇ ಮಾಡುತ್ತಾರೆ, ಬೋರ್ಡೂ ಇಲ್ಲ. ಮೊದಲು ರಿಮ್ಮಿನ ದಪ್ಪ ಅಳೆದರು. ಅದಕ್ಕೆ ತಕ್ಕ ಸ್ಕ್ರೂ ಆರಿಸಿದರು. ಡ್ರಿಲ್ ಬಿಟ್ಟಿಗೆ ಕಾಲರ್ ಹಾಕಿ, ಲೋಹ ಮಾತ್ರ ತೂತಾಗುವಂತೆ, ರಬ್ಬರಿನೊಳಗೆ ಡ್ರಿಲ್ ಇಳಿಯದಂತೆ ಕೊರೆದರು. ಬೀಡ್ ಒಳಗಿನ ತಂತಿಗೆ ತಗುಲಬಾರದು, ಟ್ಯೂಬಿನವರೆಗೂ ಹೋಗಬಾರದು. ಹೊರಗೆ ಹನ್ನೆರಡು, ಒಳಗೆ ಹನ್ನೆರಡು. ಪೇಸ್ಟನ್ನೆಲ್ಲ ಮೊದಲೇ ಒರೆಸಿ ತೆಗೆದಿದ್ದರು. ಬ್ಯಾಲೆನ್ಸ್ ಮಾಡಿದ್ದು ಸ್ಕ್ರೂ ಹಾಕಿದ ಮೇಲೆ. ಪೂರ್ತಿ ಮಧ್ಯಾಹ್ನ ಹಿಡಿಯಿತು. ಮೊದಲಿನವನು ನಲವತ್ತು ನಿಮಿಷದಲ್ಲಿ ಮುಗಿಸಿದಾಗಲೇ ನನಗೆ ಹೊಳೆಯಬೇಕಿತ್ತು. ಹೋದ ಶನಿವಾರ ನಾಲ್ಕು ಸಲ ಓಡಿಸಿದೆ. ಬಿಳಿ ಗೆರೆ ಎಳೆದಲ್ಲೇ ಇದೆ.

ಹಾಕಿಸುವವರು ಬಿಲ್ಲಿನಲ್ಲಿ "ಒಳಬದಿ, ಹೊರಬದಿ" ಅಂತ ಬಿಡಿಸಿ ಬರೆಸಿ. ಒಂದು ಸ್ಕ್ರೂ ಕೈಗೆ ತಗೊಂಡು ಉದ್ದ ನೋಡಿ. ಪೇಸ್ಟ್ ಡಬ್ಬಿ ಕಂಡರೆ ಅಲ್ಲೇ ತಡೆಯಿರಿ. ಗೆರೆ ಎಳೆಯಿರಿ, ಗೆರೆ ಸರಿದಿದ್ದರೆ ಯಾರ ಫೋನಿಗೂ ಕಿವಿ ಕೊಡಬೇಡಿ. ರೇಡಿಯಲ್ ಟೈರಿಗೆ ಸ್ಕ್ರೂ ಹಾಕಿಸುವ ಮೊದಲು ತಯಾರಕರು ಏನು ಹೇಳಿದ್ದಾರೆ ಓದಿ. ಹೀಗೆ ಕೊರೆದ ಚಕ್ರವನ್ನು ರಸ್ತೆಗೆ ಇಳಿಸಬೇಡಿ. ಊರಲ್ಲಿ ಏರ್‌ಸ್ಟ್ರಿಪ್ (ವಿಮಾನ ಇಳಿಯುವ ಪಟ್ಟಿ) ಮೇಲೆ ನಡೆಯುವ ಡ್ರ್ಯಾಗ್‌ಗೆ ರೋಡ್ ಟೈರಿನಲ್ಲಿ, 25-30 ಪೌಂಡ್ ಗಾಳಿಯಲ್ಲಿ ಹೋಗುವ ಹುಡುಗರಿಗೆ ಸಾಮಾನ್ಯವಾಗಿ ಇದರ ಗೊಡವೆ ಇಲ್ಲ. ಸ್ಲಿಕ್ ತರಿಸಿಕೊಂಡ ದಿನ ನೆನಪಿಸಿಕೊಳ್ಳಿ.

ಇದನ್ನು ಬರೆಯುತ್ತಿರುವಾಗಲೇ ಅಂಗಡಿಯವನ ಮೆಸೇಜ್ ಬಂತು. ಸ್ಕ್ರೂ ವಾಪಸ್ ತಂದುಕೊಟ್ಟರೆ ಸ್ಕ್ರೂ ದುಡ್ಡು ಮಾತ್ರ ಹಿಂತಿರುಗಿಸುತ್ತಾನಂತೆ. ಇಪ್ಪತ್ನಾಲ್ಕೂ ಬೇಕಂತೆ. ನನ್ನ ಹತ್ತಿರ ಇಪ್ಪತ್ಮೂರು ಇವೆ. ಒಂದನ್ನು ಭಾಮೈದ ದಾವಣಗೆರೆಗೆ ತಗೊಂಡು ಹೋಗಿದ್ದಾನೆ, ಪಂಕ್ಚರ್ ಅಂಗಡಿಯವರಿಗೆ ತೋರಿಸಲು.