ಕೆಪಾಸಿಟರ್ ಅಳೆಯುವ ಕ್ಲಾಂಪ್ ಮೀಟರ್: ಪೂಲ್ ಪಂಪ್ ಮೋಟರ್ ಸ್ಟಾರ್ಟ್ ಆಗದಿದ್ದಾಗ ಎಷ್ಟರಮಟ್ಟಿಗೆ ನಂಬಬಹುದು?

ಸ್ವಿಚ್ ಹಾಕಿದರೆ ಪೂಲ್ ಪಂಪ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಕೆಲವೇ ಸೆಕೆಂಡಿನಲ್ಲಿ ಟ್ರಿಪ್ ಆಗುತ್ತದೆ. ಇಷ್ಟಕ್ಕೇ ಮೋಟರ್ ಸುಟ್ಟಿದೆ ಎಂದು ತೀರ್ಮಾನಿಸಿ ಹೊಸದು ಹಾಕಿಸುವವರು ಬಹಳ ಜನ. ವೈರನ್ನು ದವಡೆಯೊಳಗೆ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್, ಅದರಲ್ಲೂ ಮೋಟರ್ ಹೊರಡಲು ನೆರವಾಗುವ ಕೆಪಾಸಿಟರ್‌ನ ಸಾಮರ್ಥ್ಯವನ್ನು ಮೈಕ್ರೋಫ್ಯಾರಡ್‌ನಲ್ಲಿ ಅಳೆಯುವಂಥದ್ದು ಒಂದಿದ್ದರೆ ಹೊಸ ಮೋಟರ್ ಬೇಕೋ, ಕೆಪಾಸಿಟರ್ ಬದಲಿಸಿದರೆ ಸಾಕೋ ಎಂಬುದು ಬಹುತೇಕ ಸಲ ಅಲ್ಲೇ ತಿಳಿದುಹೋಗುತ್ತದೆ. ಸಿಂಗಲ್ ಫೇಸ್ ಪಂಪ್ ನೋಡಿಕೊಳ್ಳುವವರ ಚೀಲದಲ್ಲಿ ಇದು ಇರಲೇಬೇಕು. ಆದರೆ ಸಿಕ್ಕ ಮೀಟರ್ ಕೊಂಡರೆ ಆಗದು.

ಎಡವುವುದು ಕೆಪಾಸಿಟರ್ ರೇಂಜ್‌ನಲ್ಲಿ. ಮೋಟರ್ ಓಡುವಾಗಲೂ ದುಡಿಯುವ ರನ್ ಕೆಪಾಸಿಟರ್ ಸಾಮಾನ್ಯವಾಗಿ 15ರಿಂದ 60 ಮೈಕ್ರೋಫ್ಯಾರಡ್ ಒಳಗೇ ಇರುವುದರಿಂದ ಅದನ್ನು ಯಾವ ಮೀಟರಾದರೂ ಅಳೆಯುತ್ತದೆ. ಹೊರಡುವಾಗಷ್ಟೇ ಬಳಕೆಯಾಗುವ ಸ್ಟಾರ್ಟ್ ಕೆಪಾಸಿಟರ್ ಮಾತ್ರ ನೂರರ ಲೆಕ್ಕದ್ದು. ಅಗ್ಗದ ಎಷ್ಟೋ ಮೀಟರುಗಳು 100 ಅಥವಾ 200ಕ್ಕೇ ನಿಂತುಬಿಡುತ್ತವೆ. ಆಗ ಚೆನ್ನಾಗಿರುವ ಕೆಪಾಸಿಟರ್ ಇಟ್ಟರೂ ಪರದೆಯಲ್ಲಿ ರೇಂಜ್ ಮೀರಿದ ಗುರುತೇ ಬರುತ್ತದೆ. ಕನಿಷ್ಠ 2000 ಮೈಕ್ರೋಫ್ಯಾರಡ್‌ವರೆಗೆ ಓದುವ, ಕ್ಯಾಟ್ 3 – 600 ವೋಲ್ಟ್ ಸುರಕ್ಷತಾ ದರ್ಜೆಯ, ರಿಲೇಟಿವ್ ಬಟನ್ (ಪ್ರೋಬ್ ವೈರಿನ ಓಮ್ ಕಳೆದು ತೋರಿಸುವುದು) ಇರುವ ಮೀಟರ್ ಕೊಳ್ಳಿ. ಹೊರಡುವ ಕ್ಷಣದ ಕರೆಂಟ್ ಹಿಡಿಯುವ ಇನ್‌ರಶ್ ಬಟನ್‌ಗೆಂದು ಹೆಚ್ಚು ದುಡ್ಡು ಕೊಡುವುದು ಈ ಕೆಲಸಕ್ಕೆ ಬೇಕಿಲ್ಲ. ತಿರುಗದ ಮೋಟರ್ ಟ್ರಿಪ್ ಆಗುವವರೆಗೂ ಅದೇ ಭಾರೀ ಕರೆಂಟ್ ಎಳೆಯುತ್ತಿರುತ್ತದೆ, ಮಾಮೂಲಿ ಆಂಪ್ ರೇಂಜೇ ಅದನ್ನು ತೋರಿಸುತ್ತದೆ.

ಅಳೆಯುವ ಮುಂಚೆ ಬ್ರೇಕರ್ ಇಳಿಸಿ, ಮೋಟರ್ ಟರ್ಮಿನಲ್‌ನಲ್ಲಿ ವೋಲ್ಟೇಜ್ ಇಲ್ಲವೆಂದು ಇದೇ ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಹಿಂಭಾಗದ ಫ್ಯಾನ್ ಕಡೆಯಿಂದ ಶಾಫ್ಟನ್ನು ಕೈಯಲ್ಲೇ ತಿರುಗಿಸಿ ನೋಡಿ. ಬಿಗಿದುಕೊಂಡಿದ್ದರೆ ಮೀಟರ್ ಬದಿಗಿಡಿ: ನೀರು ತಳ್ಳುವ ಇಂಪೆಲ್ಲರ್‌ನಲ್ಲಿ ಕಲ್ಲು, ಕಸ ಸಿಕ್ಕಿರಬೇಕು, ಇಲ್ಲವೇ ಶಾಫ್ಟ್ ಸೀಲ್ ಸೋರಿ ಬೇರಿಂಗ್ ತುಕ್ಕು ಹಿಡಿದಿರಬೇಕು. ಪವರ್ ಇರುವಾಗ ಶಾಫ್ಟಿಗೆ ಕೈ ಅಥವಾ ಕೋಲು ಕೊಟ್ಟು ತಿರುಗಿಸುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬೇಡ, ಬೆರಳು ಹೋದೀತು.

ಶಾಫ್ಟ್ ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಕಡೆಗೆ ಬನ್ನಿ. ಅದರಲ್ಲಿ ಉಳಿದಿರುವ ಚಾರ್ಜ್ ಇಳಿಸಲು, ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಎನಿಸುವ ಬದಲು ಎರಡು ಟರ್ಮಿನಲ್ ನಡುವೆ 20 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಹಿಡಿಯಿರಿ. 200 ಮೈಕ್ರೋಫ್ಯಾರಡ್‌ನದು ಖಾಲಿಯಾಗಲು ಸುಮಾರು 20 ಸೆಕೆಂಡ್ ಬೇಕು. ಡಿಸಿ ವೋಲ್ಟ್ ಸೊನ್ನೆಗೆ ಇಳಿದ ಮೇಲೆ ವೈರ್ ಬಿಚ್ಚಿ. ಟರ್ಮಿನಲ್ ನಡುವೆ ಚಿಕ್ಕ ಬ್ಲೀಡ್ ರೆಸಿಸ್ಟರ್ ಇದ್ದರೆ ಅದರ ಒಂದು ಕಾಲನ್ನೂ ಬಿಡಿಸಿ, ಇಲ್ಲದಿದ್ದರೆ ರೀಡಿಂಗ್ ತಪ್ಪುತ್ತದೆ. ದೊಡ್ಡ ಕೆಪಾಸಿಟರ್‌ಗೆ ಅಂಕಿ ನಿಲ್ಲಲು ಕೆಲವು ಸೆಕೆಂಡ್ ಹಿಡಿಯುತ್ತದೆ, ಮೊದಲು ಕಂಡ ಅಂಕಿಯನ್ನು ನಂಬಬೇಡಿ. 40 ಮೈಕ್ರೋಫ್ಯಾರಡ್, ಪ್ಲಸ್–ಮೈನಸ್ 5 ಪರ್ಸೆಂಟ್ ಎಂದಿದ್ದರೆ 38ರಿಂದ 42ರೊಳಗೆ ಬರಬೇಕು. ಅದೇ 27 ಬಂದರೆ ಗುಂಯ್‌ಗುಡುವಿಕೆಗೆ ಕಾರಣ ಸಿಕ್ಕಿದಂತೆಯೇ. ಹೊಸದರ ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ ರೇಟಿಂಗ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಮಾತ್ರ ಕೂಡದು.

ಇಲ್ಲೇ ಈ ಮೀಟರಿನ ದೊಡ್ಡ ಮಿತಿಯೂ ಇದೆ. ಅದು ಪರೀಕ್ಷಿಸುವುದು ಕೆಲವೇ ವೋಲ್ಟ್‌ನಲ್ಲಿ, ಕೆಪಾಸಿಟರ್ ದುಡಿಯುವುದು ನೂರಾರು ವೋಲ್ಟ್‌ನಲ್ಲಿ. ಲೋಡ್ ಬಿದ್ದಾಗ ಮಾತ್ರ ಒಳಗೆ ಶಾರ್ಟ್ ಆಗುವ ಕೆಪಾಸಿಟರ್ ಮೀಟರಿನಲ್ಲಿ ಪಾಸಾಗಿಬಿಡುತ್ತದೆ. ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ರೀಡಿಂಗ್ ಎಷ್ಟೇ ಸರಿಯಿದ್ದರೂ ಎಸೆಯಿರಿ.

ಸ್ಟಾರ್ಟ್ ಕೆಪಾಸಿಟರ್ ಇರುವ ಮೋಟರುಗಳಲ್ಲಿ ಮುಂದಿನ ಅನುಮಾನ ಸೆಂಟ್ರಿಫ್ಯೂಗಲ್ ಸ್ವಿಚ್ ಮೇಲೆ, ಅಂದರೆ ಮೋಟರ್ ವೇಗ ಹಿಡಿದ ಮೇಲೆ ಸ್ಟಾರ್ಟ್ ಕೆಪಾಸಿಟರನ್ನು ಬಿಡಿಸುವ ಸ್ವಿಚ್ ಮೇಲೆ. ಮೋಟರ್ ನಿಂತಿರುವಾಗ ಅದರ ಪಾಯಿಂಟ್‌ಗಳು ಕೂಡಿರಬೇಕು, ಓಮ್ ರೇಂಜ್‌ನಲ್ಲಿ ಸೊನ್ನೆಯ ಹತ್ತಿರ ತೋರಿಸಬೇಕು. ಬೆಚ್ಚಗಿನ ಜಾಗ ಹುಡುಕಿ ಬರುವ ಇರುವೆಗಳು ಪಾಯಿಂಟ್‌ಗಳ ನಡುವೆ ಅಪ್ಪಚ್ಚಿಯಾಗಿ, ಸುಟ್ಟು ಕರಿ ಕಟ್ಟಿಕೊಳ್ಳುವುದು ಪೂಲ್ ಮೋಟರುಗಳಲ್ಲಿ ತೀರಾ ಸಾಮಾನ್ಯ. ಕರಿಯಷ್ಟೇ ಆದರೆ ನಯವಾದ ಉಪ್ಪುಕಾಗದದಿಂದ ಒರೆಸಿದರೆ ಸಾಕು. ಪಾಯಿಂಟ್ ಗುಳಿಬಿದ್ದಿದ್ದರೆ ಸ್ವಿಚ್ ಬದಲಿಸಿ.

ಕ್ಲಾಂಪ್ ತನ್ನ ಬೆಲೆ ತೋರಿಸುವುದು ಎಲ್ಲ ಜೋಡಿಸಿ ಸ್ಟಾರ್ಟ್ ಕೊಟ್ಟಾಗ. ದವಡೆಯೊಳಗೆ ಒಂದೇ ವೈರ್ ಇರಲಿ, ಎರಡೂ ಸೇರಿದರೆ ಸೊನ್ನೆ ಬರುತ್ತದೆ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಪವರ್ ಕೊಡಬೇಡಿ. ನೇಮ್‌ಪ್ಲೇಟ್ ಆಂಪ್‌ನ ಐದಾರು ಪಟ್ಟು ಬಂದರೆ ವೈಂಡಿಂಗ್‌ಗೆ ಪವರ್ ಸಿಗುತ್ತಿದೆ, ರೋಟರ್ ಮಾತ್ರ ಹೊರಡುತ್ತಿಲ್ಲ. ಟರ್ಮಿನಲ್‌ನಲ್ಲಿ ಪೂರ್ತಿ ವೋಲ್ಟೇಜ್ ಇದ್ದೂ ಆಂಪ್ ಸೊನ್ನೆಯಾದರೆ ಮೋಟರ್ ಬಿಸಿಯಾದಾಗ ಪವರ್ ಕಡಿಯುವ ಥರ್ಮಲ್ ಪ್ರೊಟೆಕ್ಟರ್ ತೆರೆದಿದೆ ಅಥವಾ ವೈಂಡಿಂಗ್ ಕಡಿದಿದೆ. ಮೋಟರ್ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಸ್ಟಾರ್ಟ್ ಕೊಟ್ಟಾಗ ವೋಲ್ಟೇಜ್ ಹತ್ತು ಪರ್ಸೆಂಟ್‌ಗಿಂತ ಹೆಚ್ಚು ಕುಸಿದರೆ ತಪ್ಪು ಮೋಟರಿನದಲ್ಲ, ಸಡಿಲ ಜಾಯಿಂಟ್ ಅಥವಾ ತೆಳು ಕೇಬಲ್‌ನದು. 115/230 ಎರಡಕ್ಕೂ ಆಗುವ ಮೋಟರನ್ನು 230ಕ್ಕೆ ಜೋಡಿಸಿ 115 ಕೊಟ್ಟರೂ ಅದೇ ಗುಂಯ್! ಪಾರ್ಟ್ಸ್ ಬದಲಿಸುತ್ತಾ ಹೋಗುವ ಮೊದಲು ಮುಚ್ಚಳದ ಒಳಗಿನ ವೈರಿಂಗ್ ಚಿತ್ರ ನೋಡಿ.

ವೈಂಡಿಂಗ್ ಓಮ್ ಅಳೆಯುವಾಗ ಎರಡೂ ಪ್ರೋಬ್ ಕೂಡಿಸಿ ರಿಲೇಟಿವ್ ಒತ್ತಿ. ವೈಂಡಿಂಗೇ ಒಂದೆರಡು ಓಮ್ ಇರುವಲ್ಲಿ ಪ್ರೋಬ್ ವೈರಿನ 0.3 ಓಮ್ ಸಣ್ಣದಲ್ಲ. ಸ್ವಿಚ್ ಹಾಕಿದ ಕ್ಷಣಕ್ಕೇ ಬ್ರೇಕರ್ ಬೀಳುತ್ತಿದ್ದು, ವೈಂಡಿಂಗ್‌ನಿಂದ ಮೋಟರಿನ ಲೋಹದ ಮೈಗೆ ಕರೆಂಟ್ ಸೋರುತ್ತಿಲ್ಲವೆಂದು ಮೀಟರಿನ ಓಮ್ ರೇಂಜ್ ಹೇಳಿದರೆ ಅದನ್ನು ಒಪ್ಪಬೇಡಿ. ಅಲ್ಲಿಗೆ ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ 500 ವೋಲ್ಟ್ ಮೆಗ್ಗರ್ರೇ ಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಮೋಟರಿಗೆ ಪವರ್ ಕೊಡಬಾರದು, ಅದರಲ್ಲೂ ಜನ ಇಳಿಯುವ ನೀರಿನ ಪಕ್ಕದಲ್ಲಿ.

ನಿಮ್ಮದು ವೇರಿಯಬಲ್ ಸ್ಪೀಡ್ ಪಂಪ್ ಆಗಿದ್ದರೆ ಈ ಮೀಟರಿಗಾಗಿ ಖರ್ಚು ಮಾಡಬೇಡಿ. ಅದರ ಮೋಟರಿಗೆ ಸ್ಟಾರ್ಟ್, ರನ್ ಕೆಪಾಸಿಟರ್ ಇರುವುದಿಲ್ಲ, ನಡೆಸುವುದು ಡ್ರೈವ್ ಎಂಬ ಎಲೆಕ್ಟ್ರಾನಿಕ್ ನಿಯಂತ್ರಕ. ಸಪ್ಲೈ ವೋಲ್ಟೇಜ್ ಸರಿಯಿದೆಯೇ ನೋಡಿ, ಡಿಸ್‌ಪ್ಲೇಯಲ್ಲಿ ಬಂದ ಎರರ್ ಕೋಡ್ ಬರೆದಿಟ್ಟುಕೊಂಡು ಸರ್ವಿಸ್‌ನವರಿಗೆ ಹೇಳಿ.