ಶ್ರವಣ ಸಾಧನದೊಂದಿಗೆ ಆರು ವರ್ಷ: ಯಂತ್ರಕ್ಕಿಂತ ಅಳತೆ ಮುಖ್ಯ

ಕಿವಿಯ ಹಿಂದೆ ಕೂರುವ, ತೆಳು ತಂತಿಯ ತುದಿಯಲ್ಲಿ ಪುಟ್ಟ ಸ್ಪೀಕರ್ ಇರುವ ಶ್ರವಣ ಸಾಧನವನ್ನು ಎರಡೂ ಕಿವಿಗೆ ಕೊಂಡು ಆರು ವರ್ಷವಾಯಿತು. ಅದರಲ್ಲಿ ಮೊದಲ ಎಂಟು ತಿಂಗಳು ಅದು ಮೇಜಿನ ಖಾನೆಯಲ್ಲಿತ್ತು. ಈಗ ಬೆಳಿಗ್ಗೆ ಎದ್ದಾಗ ಕನ್ನಡಕಕ್ಕಿಂತ ಮೊದಲು ಕೈ ಹೋಗುವುದು ಅದಕ್ಕೇ.

ನಾನು ಶಿಕ್ಷಕಿ. ಮಕ್ಕಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ‘ತಪ್ಪು’, ‘ಕಪ್ಪು’, ‘ಚಿಪ್ಪು’ ಮೂರೂ ನನಗೆ ಒಂದೇ ಆಗಿದ್ದವು. ಕಿವಿ ಪರೀಕ್ಷೆಗೆ ಹೋದಾಗ ಹೊರಗಿನ ಸದ್ದು ನುಗ್ಗದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಎಷ್ಟೇ ಕ್ಷೀಣವಾಗಿ ಕೇಳಿದರೂ ಗುಂಡಿ ಒತ್ತಬೇಕೆಂದರು. 250ರಿಂದ 8000 ಹರ್ಟ್ಸ್‌ವರೆಗಿನ ನಾದಗಳನ್ನು ಒಂದೊಂದಾಗಿ ಕೇಳಿಸಿದರು. ಯಾವ ನಾದ ಎಷ್ಟು ಜೋರಾದರೆ ಕೇಳುತ್ತದೆ ಎಂದು ತೋರಿಸುವ ನಕ್ಷೆ, ಆಡಿಯೋಗ್ರಾಂ ಬಂದಾಗ ಕಾರಣ ಕಣ್ಣಿಗೇ ಕಂಡಿತು. ಅದರಲ್ಲಿ ಡೆಸಿಬಲ್ ಹೆಚ್ಚಿ ಗೆರೆ ಇಳಿದಷ್ಟೂ ಕಿವಿ ಮಂದ. 1000 ಹರ್ಟ್ಸ್‌ವರೆಗೆ 20 ಡೆಸಿಬಲ್ ಆಸುಪಾಸಿನಲ್ಲಿದ್ದ ಗೆರೆ 4000ಕ್ಕೆ ಬರುವಷ್ಟರಲ್ಲಿ 60ಕ್ಕೆ ಇಳಿದಿತ್ತು. ಮಾತಿನ ಗಟ್ಟಿತನವೆಲ್ಲ ತಗ್ಗಿನ ಸ್ಥಾಯಿಯಲ್ಲಿರುತ್ತದೆ. ತ, ಚ, ಸ, ಶಗಳನ್ನು ಬೇರೆಮಾಡುವ ಸೂಕ್ಷ್ಮ ಮೇಲಿನ ಸ್ಥಾಯಿಯದು. ಕಿವಿಯ ಹಿಂದಿನ ಮೂಳೆಗೆ, ಸದ್ದನ್ನು ನೇರ ಒಳಗಿವಿಗೆ ಮುಟ್ಟಿಸುವ ಕಂಪಕ ಇಟ್ಟು ಪರೀಕ್ಷಿಸಿದಾಗಲೂ ಗೆರೆ ಹಾಗೇ ಇಳಿಯಿತು. ಎಂದರೆ ತೊಂದರೆ ಗುಗ್ಗೆಯದೂ ಅಲ್ಲ, ಕಿವಿತಮಟೆಯದೂ ಅಲ್ಲ, ಒಳಗಿವಿಯದು. ಅಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಯಂತ್ರ ಮಾರಿದವರು ಈ ಗೆರೆಯನ್ನು ಕಂಪ್ಯೂಟರಿಗೆ ಕೊಟ್ಟು, ಅದು ಲೆಕ್ಕ ಹಾಕಿದಂತೆಯೇ ಯಂತ್ರವನ್ನು ಹೊಂದಿಸಿ ಹತ್ತು ನಿಮಿಷದಲ್ಲಿ ಕಳುಹಿಸಿದರು. ನನ್ನ ದನಿಯೇ ಕೊಡದೊಳಗಿಂದ ಬಂದಂತೆ ಕೇಳುತ್ತಿತ್ತು. ಪುಟ ಮಗುಚಿದರೆ ತಗಡು ಹರಿದಂತಾಗುತ್ತಿತ್ತು. ಮಕ್ಕಳ ಮಾತು ಮಾತ್ರ ಮೊದಲಿನಂತೆಯೇ ಅಸ್ಪಷ್ಟ. ಮೂರು ಸಲ ಹೋದರೂ ‘ಅಭ್ಯಾಸವಾಗುತ್ತದೆ’ ಎಂಬ ಒಂದೇ ಉತ್ತರ. ಇದು ಪೂರ್ತಿ ಸುಳ್ಳಲ್ಲ. ಮರೆತ ಸದ್ದುಗಳಿಗೆ ಮಿದುಳು ಮತ್ತೆ ಒಗ್ಗಿಕೊಳ್ಳಲು ವಾರಗಳೇ ಬೇಕು. ಆದರೆ ಅಳತೆ ತಪ್ಪಿದ ಚಪ್ಪಲಿಗೆ ಕಾಲನ್ನು ಒಗ್ಗಿಸು ಎಂದರೆ ಹೇಗೆ?

ಎಂಟನೇ ತಿಂಗಳಲ್ಲಿ ಬೇರೊಬ್ಬ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಬಳಿ ಹೋದೆ. ಅವರು ದಾರದಷ್ಟು ಸಪೂರವಾದ ಸಿಲಿಕೋನ್ ನಳಿಕೆಯನ್ನು ಕಿವಿಯೊಳಗೆ, ತಮಟೆಯ ಹತ್ತಿರದವರೆಗೆ ಇಳಿಸಿ, ಅದರ ಪಕ್ಕದಲ್ಲೇ ಯಂತ್ರ ತೊಡಿಸಿ, ಎದುರಿನ ಸ್ಪೀಕರಿನಿಂದ ಮಾತು ಕೇಳಿಸಿದರು. ತಮಟೆಯ ಬಳಿಗೆ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂಬುದು ಪರದೆಯ ಮೇಲೆ ಮೂಡಿತು. ನನಗೆ ಬೇಕಾದ ಮೇಲಿನ ಸ್ಥಾಯಿಯಲ್ಲೇ ಆ ಸದ್ದಿನ ಗೆರೆ ನನ್ನ ಕಿವಿಗೆ ಇಷ್ಟು ಬೇಕೆಂದು ಲೆಕ್ಕಹಾಕಿದ ಗುರಿಗಿಂತ ಬಹಳ ಕೆಳಗಿತ್ತು. ಅಲ್ಲಿ ಏರಿಸಿದರು, ತಗ್ಗಿನಲ್ಲಿ ಇಳಿಸಿದರು, ಕಿವಿ ಮುಚ್ಚುತ್ತಿದ್ದ ರಬ್ಬರ್ ತುದಿಯನ್ನು ತೆಗೆದು ತೂತುಗಳಿರುವುದನ್ನು ಹಾಕಿದರು. ಮರುದಿನ ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳಿಗೆ ‘ಸೀಸ ಕೊಡು’ ಎಂದು ಪಿಸುಗುಟ್ಟಿದ್ದು ಕೇಳಿತು. ಆ ಎರಡು ಸಕಾರಗಳನ್ನು ನಾನು ಮರೆತಿಲ್ಲ.

ದೈನಂದಿನ ಬಳಕೆಯಲ್ಲಿ ದೂರುಗಳು ಕಡಿಮೆ. ನನ್ನದು 312 ಅಳತೆಯ, ಕಂದು ಪಟ್ಟಿಯ, ಗಾಳಿ ಸೇರಿದರೆ ಚಾಲೂ ಆಗುವ ಬ್ಯಾಟರಿ. ಪಟ್ಟಿ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಗಾಳಿ ಸೇರಿದ ಮೇಲೆ ಪಟ್ಟಿ ಮತ್ತೆ ಅಂಟಿಸಿದರೂ ಅದು ಉಳಿಯುವುದಿಲ್ಲ. ಸದ್ದು ಕುಗ್ಗಿದರೆ ಮೊದಲು ಸ್ಪೀಕರಿನ ಬಾಯಿಯಲ್ಲಿರುವ ಗುಗ್ಗೆ ತಡೆಯುವ ಬಿಲ್ಲೆ ನೋಡಿ. ಯಂತ್ರ ಕೆಟ್ಟಿತೆಂದು ನಾನು ಎರಡು ಸಲ ಓಡಿದ್ದು ಆ ಸಾಸಿವೆಯಷ್ಟರ ಬಿಲ್ಲೆಗಾಗಿ. ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಇಂದಿಗೂ ಕಷ್ಟವೇ. ಅಲ್ಲಿ ಎದುರಿನವರ ತುಟಿಯೇ ಗತಿ.

ನಾಲ್ಕನೇ ವರ್ಷ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೊಡನೆ ಕೋಣೆ ಗಿರ್ರನೆ ತಿರುಗಿತು. ಯಂತ್ರದ್ದೇ ಕಿತಾಪತಿ ಎಂದುಕೊಂಡು ನಾಲ್ಕು ದಿನ ತೆಗೆದಿಟ್ಟೆ. ತಲೆಸುತ್ತು ನಿಲ್ಲಲಿಲ್ಲ. ಅದೇ ಆಡಿಯಾಲಜಿಸ್ಟ್ ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಕಟ್ಟಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಕತ್ತು ಮಂಚದಂಚಿಗೆ ಬರುವಂತೆ ಥಟ್ಟನೆ ಮಲಗಿಸಿದರು. ಕೆಲವು ಕ್ಷಣ ಕಳೆದು ಕಣ್ಣುಗುಡ್ಡೆ ತಾನಾಗಿ ಕುಣಿಯತೊಡಗಿ, ಅರ್ಧ ನಿಮಿಷದಲ್ಲಿ ನಿಂತಿತು. ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು, ತಲೆ ತಿರುಗಿದ್ದನ್ನು ಗ್ರಹಿಸುವ ಅರ್ಧವೃತ್ತ ನಾಳಕ್ಕೆ ಸರಿದಿದ್ದವಂತೆ. ಅಲ್ಲೇ ತಲೆಯನ್ನು ಹಂತಹಂತವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಹರಳುಗಳನ್ನು ಹಿಂದಕ್ಕೆ ಸಾಗಿಸಿದರು. ಎರಡು ಭೇಟಿಗೆ ಸುತ್ತು ನಿಂತಿತು, ಮಾತ್ರೆ ಇಲ್ಲದೆ. ಎಲ್ಲ ತಲೆಸುತ್ತೂ ಇದಲ್ಲ. ಹಾಗೆಯೇ ಒಂದೆರಡು ದಿನದಲ್ಲಿ ಕಿವಿ ಏಕಾಏಕಿ ಮಂದವಾದರೆ ಯಂತ್ರದ ಯೋಚನೆ ಬಿಟ್ಟು ಅಂದೇ ಕಿವಿ ವೈದ್ಯರನ್ನು ಕಾಣಿ, ತಡಮಾಡಬೇಡಿ.

ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ‘ಯಂತ್ರ ಹಾಕಿದ ಮೇಲೆ ಕಿವಿಯೊಳಗೆ ನಳಿಕೆ ಇಟ್ಟು ಅಳೆಯುತ್ತೀರಾ?’ ಇಲ್ಲ ಎಂದರೆ ನಾನಾದರೆ ಎದ್ದು ಬರುತ್ತೇನೆ. ಕಳೆದ ತಿಂಗಳ ಪರೀಕ್ಷೆಯಲ್ಲಿ 4000 ಹರ್ಟ್ಸ್‌ನ ಗೆರೆ ಇನ್ನೂ ಹತ್ತು ಡೆಸಿಬಲ್ ಇಳಿದಿದೆ. ನಳಿಕೆ ಇಳಿಸಿ ಮತ್ತೆ ಹೊಂದಿಸಿದ್ದಾರೆ. ಯಂತ್ರ ಹಳೆಯದೇ.