ಐದು ಅಂಗಡಿಯ ಟೀ ಶರ್ಟು, ಒಂದೇ ಬಕೆಟ್ಟು

ಜನವರಿಯಲ್ಲಿ ಒಂದು ಭಾನುವಾರ ಬೀರು ತೆಗೆದು ಎಣಿಸಿದೆ. ಹದಿನಾಲ್ಕು ಟೀ ಶರ್ಟು ಇದ್ದವು. ಹೊರಗೆ ಹಾಕಿಕೊಂಡು ಹೋಗುವ ಹಾಗಿದ್ದದ್ದು ಮೂರು. ಉಳಿದವುಗಳಲ್ಲಿ ಕೆಲವು ಗಿಡ್ಡವಾಗಿ ಹೊಟ್ಟೆ ಮೇಲೆ ನಿಂತಿದ್ದವು, ಕೆಲವುದರ ಕತ್ತು ಜೋತುಬಿದ್ದಿತ್ತು, ಮತ್ತೆ ಕೆಲವು ಯಾವುದೋ ಓಟದಲ್ಲಿ ಪುಕ್ಕಟೆ ಸಿಕ್ಕಿದ್ದವು. ಬೆನ್ನ ಮೇಲೆ ಬ್ಯಾಂಕಿನ ಹೆಸರು ಹೊತ್ತುಕೊಂಡು ಎಷ್ಟು ದಿನ ತಿರುಗೋದು? "ರೀ, ಇಷ್ಟು ಬಟ್ಟೆ ಇಟ್ಕೊಂಡು ಹಾಕ್ಕೊಳ್ಳೋಕೆ ಏನೂ ಇಲ್ಲ ಅಂತೀರಲ್ಲ" ಎಂದಳು ಹೆಂಡತಿ. ಸಾಮಾನ್ಯವಾಗಿ ಆ ಮಾತು ನಾನು ಅವಳಿಗೆ ಹೇಳುವುದು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಬರಹ, ಚಿತ್ರ ಏನೂ ಇಲ್ಲದ ರೌಂಡ್ ನೆಕ್ ಟೀ ಶರ್ಟು, ಎರಡು ಕಾಟನ್ ಪ್ಯಾಂಟು, ಒಂದೆರಡು ಹಾಫ್ ಶರ್ಟು. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗೋಕೆ, ಕುಕ್ಕರಹಳ್ಳಿ ಕೆರೆ ಸುತ್ತೋಕೆ, ಯಾರಾದರೂ ಬೆಲ್ ಮಾಡಿದರೆ ಒಳಗೆ ಓಡಿ ಶರ್ಟ್ ಬದಲಾಯಿಸದೆ ಬಾಗಿಲು ತೆಗೆಯೋಕೆ. ಅಷ್ಟೇ.

ಅಂಗಡಿಯಲ್ಲಿ ಎಲ್ಲ ಟೀ ಶರ್ಟೂ ಚೆನ್ನಾಗೇ ಕಾಣುತ್ತದೆ. ಬಣ್ಣ ಬಯಲಾಗುವುದು ಬಕೆಟ್ಟಿನಲ್ಲಿ. ಹಾಗಾಗಿ ಈ ಸಲ ಒಂದೇ ಬಣ್ಣದ್ದು, ನೇವಿ ಬ್ಲೂ, ಒಂದೇ ಸೈಜು, ಐದು ಕಡೆಯಿಂದ ಒಂದೊಂದು ತಂದೆ. ಯಾವುದು ಯಾವುದೆಂದು ಗೊತ್ತಾಗಲು ಒಳಗಡೆ ಬೇರೆ ಬೇರೆ ಬಣ್ಣದ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಟೇಪಿನಲ್ಲಿ ಉದ್ದ ಅಳೆದೆ. ಮೊದಲ ಒಗೆತ ಮಾತ್ರ ಬೇರೆ ಬೇರೆ, ಇಲ್ಲದಿದ್ದರೆ ಯಾವುದು ಬಣ್ಣ ಬಿಟ್ಟಿತೆಂದು ಹೇಗೆ ಹೇಳೋದು? ಆಮೇಲೆ ಎಲ್ಲಕ್ಕೂ ಒಂದೇ ಸೋಪಿನ ಪುಡಿ, ಒಂದೇ ಬಿಸಿಲು. ನಮ್ಮದು ರಿಂಗ್ ರಸ್ತೆ ಆಚೆಯ ಬಡಾವಣೆ, ಬೋರ್‌ವೆಲ್ ನೀರು. ಸೋಪು ನೊರೆ ಬರಬೇಕಾದರೆ ಹಟ ಮಾಡಬೇಕು. ಅಂಥ ನೀರಿನಲ್ಲಿ ಬಾಳಿದ ಬಟ್ಟೆ ಎಲ್ಲಿ ಬೇಕಾದರೂ ಬಾಳುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಒಂದೊಂದಕ್ಕೂ ಇಪ್ಪತ್ತರ ಮೇಲೆ ಒಗೆತ ಆಗಿತ್ತು.

ಫುಟ್‌ಪಾತಿನದು ಬೇಗ ಮುಗಿಯುವ ಕಥೆ. 150 ರೂಪಾಯಿ. "ಎಕ್ಸ್‌ಪೋರ್ಟ್ ಪೀಸ್ ಸಾರ್, ಅಂಗಡೀಲಿ ಐನೂರು" ಎಂದ ಹುಡುಗ. ನಿಜವಾದ ಎಕ್ಸ್‌ಪೋರ್ಟ್ ಉಳಿಕೆ ಮಾಲಿಗೆ ಒಂದು ಗುರುತು ಇರುತ್ತದೆ. ಕತ್ತಿನ ಹತ್ತಿರದ ಕಂಪನಿ ಪಟ್ಟಿ ಕತ್ತರಿಸಿದ್ದರೂ ಪಕ್ಕದ ಹೊಲಿಗೆಯೊಳಗೆ ಹೇಗೆ ಒಗೆಯಬೇಕೆಂದು ಹೇಳುವ ಸಣ್ಣ ಚೀಟಿ ಸಾಮಾನ್ಯವಾಗಿ ಉಳಿದಿರುತ್ತದೆ, ಒಳಗಿನ ಹೊಲಿಗೆಯೂ ಅಚ್ಚುಕಟ್ಟಾಗಿರುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ತೂಕ 148 ಗ್ರಾಂ. ಟ್ಯೂಬ್‌ಲೈಟಿಗೆ ಹಿಡಿದರೆ ನನ್ನ ಕೈಬೆರಳು ಎಣಿಸಬಹುದಿತ್ತು. ಮೂರನೇ ಒಗೆತಕ್ಕೆ ಒಂದೂವರೆ ಇಂಚು ಗಿಡ್ಡವಾಯಿತು. ಪಕ್ಕದಲ್ಲಿರಬೇಕಾದ ಹೊಲಿಗೆ ತಿರುಗಿಕೊಂಡು ಹೊಟ್ಟೆ ಮೇಲೆ ಬಂತು.

ಇದು ಯಾಕೆ ಹೀಗಾಗುತ್ತದೆ ಅಂದರೆ, ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ದುಂಡು ಯಂತ್ರದಿಂದ ಕೊಳವೆಯ ಹಾಗೆ ಇಳಿಯುತ್ತದೆ. ನೂಲಿನೊಳಗೆ ಹುರಿ ಇರುತ್ತದೆ. ನೀರು ಬಿದ್ದಾಗ ಆ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಬಟ್ಟೆ ಓರೆಯಾಗುತ್ತದೆ. ಒಳ್ಳೆಯ ಗಿರಣಿಯವರು ಹೊಲಿಯುವ ಮೊದಲೇ ಬಟ್ಟೆಯನ್ನು ಹದಮಾಡಿ, ಕುಗ್ಗುವಷ್ಟು ಕುಗ್ಗಿಸಿರುತ್ತಾರೆ. 150 ರೂಪಾಯಿಗೆ ಅದನ್ನೆಲ್ಲ ಯಾರು ಮಾಡುತ್ತಾರೆ?

ಆನ್‌ಲೈನಿನದು ಮೂರರ ಪ್ಯಾಕು, 599. ಒಂದಕ್ಕೆ ಇನ್ನೂರು ಬಿತ್ತು. ಫೋಟೋದಲ್ಲಿ ದಪ್ಪಗೆ, ಗತ್ತಾಗಿ ಕಾಣುತ್ತಿತ್ತು. ಮನೆಗೆ ಬಂದದ್ದು 160 ಗ್ರಾಂ. 'ಕಾಟನ್ ರಿಚ್' ಎಂದು ದೊಡ್ಡದಾಗಿ ಬರೆದಿದ್ದರು. ಚೀಟಿ ತಿರುಗಿಸಿದರೆ ಹತ್ತಿ ಶೇ 60, ಪಾಲಿಯೆಸ್ಟರ್ ಶೇ 40. ನ್ಯಾಯವಾಗಿ ಹೇಳಬೇಕು: ಇದು ಒಂದು ಚೂರೂ ಕುಗ್ಗಲಿಲ್ಲ, ಬಣ್ಣವೂ ಹೋಗಲಿಲ್ಲ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಮಳೆಗಾಲದಲ್ಲಿ ನನಗೆ ಇದರ ಮೇಲೆ ಪ್ರೀತಿಯೇ ಹುಟ್ಟಿತ್ತು. ಆದರೆ ಏಪ್ರಿಲ್ ಮಧ್ಯಾಹ್ನ ಇದನ್ನು ಹಾಕಿಕೊಂಡು ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದರೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬ್ಯಾಗಿನ ಪಟ್ಟಿ ಉಜ್ಜುವ ಭುಜದಲ್ಲಿ, ಕಂಕುಳ ಕೆಳಗೆ ಸಣ್ಣ ಸಣ್ಣ ನೂಲಿನ ಉಂಡೆ ಎದ್ದವು. ಬರೀ ಹತ್ತಿಯಲ್ಲೂ ಉಂಡೆ ಏಳುತ್ತದೆ, ಆದರೆ ಎಳೆ ತುಂಡಾಗಿ ಉದುರಿ ಹೋಗುತ್ತದೆ. ಪಾಲಿಯೆಸ್ಟರ್ ಎಳೆ ಗಟ್ಟಿ. ಉಂಡೆಯನ್ನು ಬಿಡದೆ ಹಿಡಿದುಕೊಂಡೇ ಇರುತ್ತದೆ.

ಇನ್ನೊಂದು ಮಾತು. ಏಳು ದಿನದಲ್ಲಿ ವಾಪಸ್ ಕೊಡಬಹುದು ಅಂತಾರಲ್ವಾ? ಒಗೆದ ಬಟ್ಟೆ ವಾಪಸ್ ತಗೊಳ್ಳೋದಿಲ್ಲ. ಟೀ ಶರ್ಟಿನ ದೋಷ ತಿಳಿಯುವುದೇ ಒಗೆದ ಮೇಲೆ. ಹಾಗಾಗಿ ಆ ಏಳು ದಿನ ಇದ್ದೂ ಒಂದೇ, ಇಲ್ಲದೆಯೂ ಒಂದೇ.

ಮಾಲಿನ ದೊಡ್ಡ ಅಂಗಡಿಯಲ್ಲಿ 399 ಕೊಟ್ಟೆ. ಪೂರ್ತಿ ಹತ್ತಿ, 175 ಗ್ರಾಂ, ಮುಟ್ಟಿದರೆ ಬೆಣ್ಣೆ. ಟ್ರಯಲ್ ರೂಮಿನ ಎಸಿಯಲ್ಲಿ, ಆ ಹಳದಿ ದೀಪದಲ್ಲಿ ನಾನೂ ಹೀರೊ ಥರ ಕಂಡೆ. ಮನೆಗೆ ಬಂದು ಮುದ್ದೆ ಊಟ ಮಾಡಿ ಕೂತಾಗ ಗೊತ್ತಾಯಿತು, ಅವರ ಅಳತೆ ನಮ್ಮಂಥ ನಲವತ್ತು ದಾಟಿದವರಿಗೆ ಅಲ್ಲ. ಎಲ್ ಅಂದರೆ ಎದೆ 40 ಇಂಚು, ಹೊಟ್ಟೆಯೂ ಅಷ್ಟೇ ಬಿಗಿ. ತೆಳ್ಳಗಿರುವ ಹುಡುಗರಿಗೆ ಇದು ಒಳ್ಳೆಯ ಮಾಲು. ನಾಲ್ಕನೇ ತಿಂಗಳಿಗೆ ಕತ್ತಿನ ಪಟ್ಟಿ ಅಲೆ ಅಲೆಯಾಯಿತು, ಅದೊಂದು ಬೇಸರ. ಕತ್ತಿನ ಪಟ್ಟಿಯಲ್ಲಿ ಒಂದಿಷ್ಟು ಲೈಕ್ರಾ, ಅಂದರೆ ಎಳೆದರೆ ಹಿಗ್ಗಿ ವಾಪಸ್ ಹೋಗುವ ಎಳೆ, ಇದ್ದಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ.

ದೇವರಾಜ ಅರಸು ರಸ್ತೆಯ ಕಂಪನಿ ಶೋರೂಮಿನದಕ್ಕೆ 799. ತೂಕ 190 ಗ್ರಾಂ. ಇದರ ಬಗ್ಗೆ ದೂರಲು ಏನೂ ಸಿಗಲಿಲ್ಲ. ಇಪ್ಪತ್ತು ಒಗೆತಕ್ಕೆ ಕಾಲು ಇಂಚೂ ಕುಗ್ಗಿಲ್ಲ, ಕತ್ತು ಮೊದಲ ದಿನದ ಹಾಗೇ ಇದೆ. ಭುಜದ ಹತ್ತಿರ ಸ್ವಲ್ಪ ಬಣ್ಣ ಮಾಸಿದೆ, ಅದು ಒಳಗಿನ ಮೈ ಹೊರಗೆ ತಿರುಗಿಸದೆ ಬಿಸಿಲಿಗೆ ಹಾಕಿದ ನನ್ನ ತಪ್ಪು. ದುಡ್ಡು ಇದ್ದವರು ಮುಂದೆ ಓದುವುದೇ ಬೇಡ, ಹೋಗಿ ಇದನ್ನು ತಗೊಳ್ಳಿ.

ನಾನು ಮಾತ್ರ ಶಿವರಾಂಪೇಟೆಗೆ ಹೋದೆ.

ಮುಖ್ಯ ರಸ್ತೆ ಬಿಟ್ಟು ಒಳಗೆ ಒಂದು ಗಲ್ಲಿ. ಹತ್ತಡಿ ಅಗಲದ ಅಂಗಡಿ, ನೆಲದಿಂದ ಸೂರಿನವರೆಗೆ ಪ್ಲಾಸ್ಟಿಕ್ ಕವರಿನ ಕಟ್ಟುಗಳು. ಮಾಲು ಬರುವುದು ತಮಿಳುನಾಡಿನ ತಿರುಪ್ಪೂರಿನಿಂದ. ದಿಂಬಂ ಘಾಟಿಯ 27 ತಿರುವು ಹತ್ತಿ, ಚಾಮರಾಜನಗರ ದಾಟಿ ಬರುವ ಲಗೇಜು. ಗೊಂಬೆ ಇಲ್ಲ, ಕನ್ನಡಿ ಇಲ್ಲ, ಟ್ರಯಲ್ ರೂಮಂತೂ ಕೇಳಲೇಬೇಡಿ. ಶರ್ಟಿನ ಮೇಲೇ ಹಾಕಿ ನೋಡಬೇಕು.

"ಯಾವ ಜಿಎಸ್‌ಎಂ ಬೇಕು ಸಾರ್?" ಎಂದರು ಅಂಗಡಿಯವರು. ನಾನು ಕಣ್ಣು ಬಿಟ್ಟೆ.

ಅವರೇ ಕೂರಿಸಿ ಹೇಳಿಕೊಟ್ಟರು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೋ ಅದೇ ಜಿಎಸ್‌ಎಂ. 140–150 ಅಂದರೆ ತೆಳು, ಪ್ರಚಾರಕ್ಕೆ ಹಂಚುವಂಥದ್ದು. 180 ನಮ್ಮ ಊರಿನ ಹವೆಗೆ ಸರಿ. 220, 240 ಈಗ ಹುಡುಗರು ಕೇಳುವ ದೊಗಲೆ ಟೀ ಶರ್ಟಿಗೆ, ಚಳಿಗಾಲ ಬಿಟ್ಟರೆ ಸೆಕೆ. ಮೇಲಿನ ನವಿರು ಎಳೆಗಳನ್ನು ಎನ್‌ಜೈಮ್ ಹಾಕಿ ತೆಗೆದಿದ್ದರೆ ಅದು ಬಯೋವಾಶ್, ಅದರಲ್ಲಿ ಉಂಡೆ ಕಮ್ಮಿ ಏಳುತ್ತದೆ. "ಕಾಲರ್ ಎಳೀರಿ ಸಾರ್, ಎಳೆದು ಬಿಡಿ" ಎಂದರು. ಎಳೆದೆ, ಪಟ್ ಅಂತ ವಾಪಸ್ ಹೋಯಿತು. ಒಳಗೆ ಈ ಭುಜದಿಂದ ಆ ಭುಜದವರೆಗೆ ಕತ್ತಿನ ಹೊಲಿಗೆ ಮೇಲೆ ಒಂದು ಪಟ್ಟಿ ಹೊಲಿದಿತ್ತು. ಭುಜ ಹಿಗ್ಗದ ಹಾಗೆ ಹಿಡಿಯುವುದು ಅದೇ. ಫುಟ್‌ಪಾತಿನದರಲ್ಲಿ ಆ ಪಟ್ಟಿಯೇ ಇರಲಿಲ್ಲ.

"ಕುಗ್ಗುತ್ತಾ?" ಎಂದು ಕೇಳಿದೆ.

"ಮುಕ್ಕಾಲು ಇಂಚು ಕುಗ್ಗುತ್ತೆ ಸಾರ್. ಕುಗ್ಗಲ್ಲ ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ. ಒಂದಿಂಚು ಉದ್ದ ಇರೋದೇ ಕೊಡ್ತೀನಿ."

ಬೆಲೆ 280. ತೂಕ 186 ಗ್ರಾಂ. ಅವರು ಹೇಳಿದ ಹಾಗೇ ಮೊದಲ ಎರಡು ಒಗೆತಕ್ಕೆ ಮುಕ್ಕಾಲು ಇಂಚು ಕುಗ್ಗಿತು, ಆಮೇಲೆ ನಿಂತಿತು. ಮೊದಲ ಸಲ ನೀರು ನೀಲಿಯಾಯಿತು, ಎರಡನೇ ಸಲ ಇಲ್ಲ. ಕತ್ತು ಗಟ್ಟಿ. ಕೈ ತೋಳಿನ ಮಡಿಕೆಯಲ್ಲಿ ಒಂದು ಕಡೆ ದಾರ ಬಿಚ್ಚಿತ್ತು, ಹೆಂಡತಿ ಎರಡು ನಿಮಿಷದಲ್ಲಿ ಹಾಕಿಕೊಟ್ಟಳು. ಶೋರೂಮಿನದರ ಪಕ್ಕ ಇಟ್ಟರೆ ಅದು ಇನ್ನೂ ಒಂದು ಕೈ ಮೇಲೇ. ಆದರೆ ಒಂದರ ದುಡ್ಡಿಗೆ ಇಲ್ಲಿ ಎರಡು ಬಂದು ಇನ್ನೂರು ಚಿಲ್ಲರೆ ಉಳಿಯುತ್ತದೆ. ತೊಂದರೆ ಒಂದೇ: ಇಲ್ಲಿ ಬಿಲ್ಲು ತೋರಿಸಿ ಬದಲಾಯಿಸುವ ಮಾತಿಲ್ಲ, ಮತ್ತು ಹೋದ ದಿನ ನಿಮ್ಮ ಬಣ್ಣ, ನಿಮ್ಮ ಸೈಜು ಇದ್ದೇ ಇರುತ್ತದೆ ಎಂದೂ ಇಲ್ಲ.

ಪ್ಯಾಂಟಿನ ವಿಷಯದಲ್ಲಿ ಲೆಕ್ಕ ತಲೆಕೆಳಗಾಯಿತು. ರೆಡಿಮೇಡ್ ಕಾಟನ್ ಪ್ಯಾಂಟು 1,499ರದ್ದು ಆಫರಿನಲ್ಲಿ 899ಕ್ಕೆ ತಂದೆ. ಶೇ 2ರಷ್ಟು ಲೈಕ್ರಾ ಇತ್ತು, ಕೂತರೆ ಎದ್ದರೆ ಹಾಯಾಗಿತ್ತು. ಆರು ತಿಂಗಳಿಗೆ ಮಂಡಿ ಉಬ್ಬಿಕೊಂಡು, ನಿಂತಿದ್ದರೂ ಕೂತ ಹಾಗೆ ಕಾಣತೊಡಗಿತು. ಸ್ಕೂಟರ್ ಹತ್ತಿ ಇಳಿದು ತೊಡೆ ಸಂದಿಯಲ್ಲಿ ಸವೆಯಿತು. ಬಿಚ್ಚಿ ಸೊಂಟ ದೊಡ್ಡದು ಮಾಡೋಣ ಅಂದರೆ ಒಳಗೆ ಬಟ್ಟೆಯನ್ನೇ ಬಿಟ್ಟಿಲ್ಲ.

ಇನ್ನೊಂದನ್ನು ಹೊಲಿಸಿದೆ. ಸಂತೇಪೇಟೆಯಲ್ಲಿ ಕಾಟನ್ ಡ್ರಿಲ್ ಎಂಬ ಗಟ್ಟಿ ನೇಯ್ಗೆಯ ಬಟ್ಟೆ ಮೀಟರಿಗೆ 320. ಪನ್ನ, ಅಂದರೆ ಬಟ್ಟೆಯ ಅಗಲ, 58 ಇಂಚು ಇದ್ದರೆ ನನ್ನ ಎತ್ತರಕ್ಕೆ ಒಂದೂಕಾಲು ಮೀಟರ್ ಸಾಕು. ಹೊಲಿಗೆ 450. ಒಟ್ಟು 850. ಮೊದಲನೆಯದು ಕೆಟ್ಟಿತು, ತಪ್ಪು ನನ್ನದೇ. ಬಟ್ಟೆಯನ್ನು ಕವರಿನಿಂದ ತೆಗೆದು ನೇರ ಟೈಲರಿಗೆ ಕೊಟ್ಟೆ. "ನೆನೆ ಹಾಕಿದ್ರಾ ಸಾರ್?" ಎಂದು ಕೇಳಿದ್ದರು. ಹೂಂ ಅಂದುಬಿಟ್ಟೆ. ಎರಡು ಒಗೆತಕ್ಕೆ ಹಿಮ್ಮಡಿ ಕಾಣತೊಡಗಿತು. ಕೆಳಗಿನ ಮಡಿಕೆಯಲ್ಲಿ ಎರಡು ಇಂಚು ಬಟ್ಟೆ ಬಿಟ್ಟಿದ್ದರಿಂದ ಬಿಚ್ಚಿ ಇಳಿಸಿಕೊಟ್ಟರು, ಹಳೆ ಮಡಿಕೆಯ ಗೆರೆ ಮಾತ್ರ ಉಳಿಯಿತು. ಎರಡನೇ ಸಲ ರಾತ್ರಿಯಿಡೀ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ ಕೊಟ್ಟೆ. ಆ ಪ್ಯಾಂಟು ಇವತ್ತಿಗೂ ಅಳತೆ ಹಿಡಿದ ಹಾಗಿದೆ. ಹಿಂದೆ ಸೊಂಟದಲ್ಲಿ ಒಂದೂವರೆ ಇಂಚು ಬಿಟ್ಟಿದ್ದಾರೆ, ಮುಂದಿನ ಮೂರು ವರ್ಷದ ಹಬ್ಬದೂಟಕ್ಕೆ ಅಷ್ಟು ಸಾಕು.

ತೆರಿಗೆಯ ಕಡೆಯಿಂದ ರೆಡಿಮೇಡಿಗೆ ಈಗ ಮೊದಲಿನ ಹೊರೆ ಇಲ್ಲ. ಸಾವಿರ ದಾಟಿದ ಬಟ್ಟೆಗೆ ಶೇ 12 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೂ ಶೇ 5. ಆದರೂ ಪ್ಯಾಂಟಿಗೆ ನನ್ನ ಓಟು ಟೈಲರಿಗೇ.

ಹಾಫ್ ಶರ್ಟಿಗೆ ಖಾದಿ ನೋಡೋಣ ಎನಿಸಿತು. ನಂಜನಗೂಡಿನ ಆಚೆ, 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಬದನವಾಳು ಇರುವ ಸೀಮೆ ನಮ್ಮದು, ಒಂದಾದರೂ ಖಾದಿ ಶರ್ಟು ಇರದಿದ್ದರೆ ಹೇಗೆ? ಖಾದಿಗೆ ಪನ್ನ ಚಿಕ್ಕದು, 36 ಇಂಚು. ಹಾಗಾಗಿ ಹಾಫ್ ಶರ್ಟಿಗೆ ಎರಡೂಕಾಲು ಮೀಟರ್ ಬೇಕಾಯಿತು. ಹೊಲಿಗೆ ಸೇರಿ ಸಾವಿರದ ಹತ್ತಿರ. ಏಪ್ರಿಲಿನಲ್ಲಿ ಇದರಷ್ಟು ತಂಪು ಬೇರೆ ಯಾವುದೂ ಇರಲಿಲ್ಲ. ಆದರೆ ಇಸ್ತ್ರಿ ಇಲ್ಲದೆ ಹಾಕಿದರೆ ಬಸ್ಸಿನ ಸೀಟಿನಡಿ ಸಿಕ್ಕಿಕೊಂಡದ್ದನ್ನು ಎಳೆದುಕೊಂಡು ಬಂದ ಹಾಗೆ ಕಾಣುತ್ತದೆ. ಗಂಜಿ ಹಾಕಿ, ನೀರು ಚಿಮುಕಿಸಿ ಇಸ್ತ್ರಿ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ. ನನಗೆ ತಿಂಗಳಿಗೊಮ್ಮೆ ಅಷ್ಟು ತಾಳ್ಮೆ ಬರುತ್ತದೆ. ತಗೊಳ್ಳುವುದಾದರೆ ಅಕ್ಟೋಬರ್ 2ರ ಸುತ್ತ ರಿಯಾಯಿತಿ ಬಿಡುವವರೆಗೆ ಕಾಯಿರಿ.

ಹೊಲಿಸುವವರು ಕಾಯಬೇಕಾದದ್ದು ಬೇರೆ ತಿಂಗಳಿಗೆ. ಆಷಾಢದಲ್ಲಿ ಬಟ್ಟೆ ಅಂಗಡಿಗಳಲ್ಲಿ ಡಿಸ್ಕೌಂಟ್ ಬೋರ್ಡು ಏಳುತ್ತದೆ, ಮದುವೆ ಇಲ್ಲದ್ದರಿಂದ ಟೈಲರುಗಳ ಕೈಯೂ ಖಾಲಿ ಇರುತ್ತದೆ. ಈ ವರ್ಷ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿದವನು ಹಾಗೇ ಎರಡು ಪ್ಯಾಂಟಿನ ಬಟ್ಟೆ ಕೊಟ್ಟುಬಂದೆ, ಮುಂದಿನ ಬುಧವಾರವೇ ಕೈಗೆ ಬಂತು. ಪಕ್ಕದ ಮನೆಯವರು ಅದೇ ಟೈಲರಿಗೆ ಗೌರಿ ಹಬ್ಬದ ಹಿಂದಿನ ವಾರ ಕೊಟ್ಟರು. ಆಯುಧಪೂಜೆ ದಿನ ಅವರು ಹಳೆ ಪ್ಯಾಂಟಿನಲ್ಲೇ ಗಾಡಿ ತೊಳೆಯುತ್ತಿದ್ದರು. ನಾನು ನನ್ನ ಸ್ಕೂಟರ್ ಒರೆಸುತ್ತಿದ್ದೆ, ಆ 150 ರೂಪಾಯಿಯ ನೇವಿ ಬ್ಲೂ ಟೀ ಶರ್ಟಿನಲ್ಲಿ. ನೀರು ಚೆನ್ನಾಗಿ ಹೀರುತ್ತದೆ.